ಏಳನೇ ನಂಬರಿನ ಪ್ಲೇಟು

ನನಗೆ ಸಿಟ್ಟು ಬೇಗ ಬರುತ್ತದೆ ಎನ್ನುವವರು ನನ್ನನ್ನು ಸರಿಯಾಗಿ ಬಲ್ಲವರಲ್ಲ. ಬರುವುದು ತಡವೇ. ಆದರೆ ಬಂದು ಕೂತಿತೆಂದರೆ ಎದ್ದು ಹೋಗುವುದಿಲ್ಲ. ಮಾನ್ವಿಯ ಒಬ್ಬ ದಲ್ಲಾಳಿಯನ್ನು ನಾಲ್ಕು ಜನರ ನಡುವೆ ತಲೆ ತಗ್ಗಿಸುವಂತೆ ಮಾಡಬೇಕೆಂದು ನಾನು ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ಕಾದೆ. ಮಾಡಿಯೂ ತೋರಿಸಿದೆ. ಈಗ ಅದನ್ನು ಬರೆಯುತ್ತಿರುವುದು ಪಶ್ಚಾತ್ತಾಪದಿಂದಲ್ಲ. ಅವನ ಮುಖ ನೆನಪಾದರೆ ಇವತ್ತಿಗೂ ನನ್ನ ಕೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ.

ನಾನು ದೇವದುರ್ಗದವನು, ಹುಟ್ಟಾ ಎಡಚ. ಉಣ್ಣುವಾಗ ಎಡಗೈ ತಟ್ಟೆಗೆ ಹೋಗಬಾರದೆಂದು ನಮ್ಮವ್ವ ಅದನ್ನು ಸೆರಗಿನಿಂದ ತನ್ನ ಮೊಣಕಾಲಿಗೆ ಕಟ್ಟಿಕೊಂಡು ಕೂರುತ್ತಿದ್ದಳು. ಊಟದ ಮಟ್ಟಿಗೆ ಅವಳು ಗೆದ್ದಳು. ಉಳಿದ ಎಲ್ಲ ಕೆಲಸಕ್ಕೂ ಎಡಗೈಯೇ ಮುಂದೆ. ಎಪ್ಪತ್ತರ ದಶಕದಲ್ಲಿ ರಾಯಚೂರಿಗೆ ಬಂದು ಸ್ಟೇಶನ್ ಕಡೆಯ ಒಂದು ವೆಲ್ಡಿಂಗ್ ಅಂಗಡಿ ಸೇರಿದಾಗ ಅಲ್ಲಿಯ ಉಸ್ತಾದ್ ನಾನು ಬೆಸುಗೆಯ ರಾಡು ಕಚ್ಚಿಸುವ ಹೋಲ್ಡರನ್ನು ಎಡಗೈಯಲ್ಲಿ ಹಿಡಿದದ್ದನ್ನು ನೋಡಿದರು. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ನಮ್ಮ ಕನ್ನಡ ಆಡುತ್ತಿದ್ದ ಹಿರಿಯರು ಅವರು. ಆಮೇಲೆ ಕೆಲಸದ ಮೇಜನ್ನೇ ತಿರುಗಿಸಿ ಹಾಕಿ, ಕೇಬಲ್ಲು ನನ್ನ ಎಡಕ್ಕೆ ಬರುವಂತೆ ಮಾಡಿದರು. ಕೈ ಬದಲಿಸು ಎಂದು ಒಂದು ದಿನವೂ ಹೇಳಲಿಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ. ಉಪಕಾರವನ್ನೂ ನಾನು ಸಿಟ್ಟಿನ ಹಾಗೆಯೇ ಇಟ್ಟುಕೊಳ್ಳುತ್ತೇನೆ.

ಟ್ರ್ಯಾಕ್ಟರ್ ಟ್ರಾಲಿ, ಅಕ್ಕಿ ಗಿರಣಿಯ ಮುರಿದ ಶಾಫ್ಟು, ಎಣ್ಣೆ ಗಾಣದ ಪಾತ್ರೆ, ಮನೆಯ ಗೇಟು, ಎಲ್ಲವೂ ನಮ್ಮಲ್ಲಿಗೆ ಬರುತ್ತಿದ್ದವು. ಐದಾರು ವರ್ಷದಲ್ಲಿ ಕೈ ಕುದುರಿತು. ಬೆಸುಗೆಯ ಸಾಲಿನ ಮೇಲಿನ ಕರಿ ಪೊರೆ ತಟ್ಟಿದರೆ ಒಂದೇ ಪಟ್ಟಿಯಾಗಿ ಏಳುತ್ತಿತ್ತು, ಕೆಳಗೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಅಲೆ. ಸಾಲಿನ ಕೊನೆಯಲ್ಲಿ ಒಂದು ಗುಳಿ ಉಳಿಯುತ್ತದೆ. ಅಲ್ಲಿ ಕೈಯನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಗುಳಿ ತುಂಬಿ ಎತ್ತುವುದು ಉಸ್ತಾದರ ರೂಢಿ. ಅದನ್ನು ನಾನೂ ಕಲಿತಿದ್ದೆ.

ಆ ಹೊತ್ತಿಗೆ ದುಬೈಯ ಗಾಳಿ ನಮ್ಮೂರಿಗೂ ಬೀಸಿತ್ತು. ಸಮುದ್ರದ ಆಚೆಯ ಯಾವ ಊರಾದರೂ ನಮಗೆ ದುಬೈಯೇ. ಅಲ್ಲಿ ನಮ್ಮ ಅಂಗಡಿಯಂಥವೇ ಸಣ್ಣ ಸಣ್ಣ ಕಾರ್ಖಾನೆಗಳಿದ್ದವು. ಐದಾರು ಜನ ಸೇರಿ ನೀರಿನ ಟ್ಯಾಂಕು ಮಾಡುವುದು, ದೋಣಿಗೆ ತೇಪೆ ಹಾಕುವುದು, ಕಟ್ಟಡಕ್ಕೆ ಗ್ರಿಲ್ ಕೂಡಿಸುವುದು. ಅಂಥ ಮಾಲೀಕರಿಗೆ ದೊಡ್ಡ ಕಂಪನಿಗಳ ಹಾಗೆ ಜಾಹೀರಾತು ಕೊಟ್ಟು ನೂರು ಜನರನ್ನು ಕರೆಸುವುದು ಆಗುತ್ತಿರಲಿಲ್ಲ. ಇಬ್ಬರು ವೆಲ್ಡರ್, ಒಬ್ಬ ಟರ್ನರ್ ಬೇಕು ಎಂದು ಬೊಂಬಾಯಿಗೆ ಬರೆಯುತ್ತಿದ್ದರು. ಬೊಂಬಾಯಿಯವರು ಊರೂರಿನ ದಲ್ಲಾಳಿಗಳಿಗೆ ತಿಳಿಸುತ್ತಿದ್ದರು. ನಮ್ಮ ಭಾಗಕ್ಕೆ ಮಾನ್ವಿಯವನೇ ದಲ್ಲಾಳಿ.

ಅವನು ಮೊದಲು ಅಕ್ಕಿ ವ್ಯಾಪಾರದಲ್ಲಿದ್ದವನು. ಚೀಲಕ್ಕೆ ಕೊಳವೆ ಚುಚ್ಚಿ, ನಾಲ್ಕು ಕಾಳು ಅಂಗೈಗೆ ಉದುರಿಸಿ ಬಾಯಿಗೆ ಹಾಕಿಕೊಂಡು ದರ ಹೇಳುವವನು. ಮನುಷ್ಯರನ್ನೂ ಹಾಗೆಯೇ ನೋಡುತ್ತಿದ್ದ. ಬಿಳಿ ಪಂಚೆ, ಬಿಳಿ ಟೋಪಿ, ಮಾತೆಲ್ಲ ಬೆಣ್ಣೆ. ಒಂದು ಬೇಸಿಗೆಯಲ್ಲಿ ಅವನು ಬೊಂಬಾಯಿಯಿಂದ ಒಬ್ಬ ಪರೀಕ್ಷಕರನ್ನು ಕರೆಸಿ, ನಮ್ಮ ಅಂಗಡಿಯನ್ನೇ ಒಂದು ದಿನಕ್ಕೆ ಹಿಡಿದು ವೆಲ್ಡರುಗಳ ಪರೀಕ್ಷೆ ಇಟ್ಟ.

ಪರೀಕ್ಷೆಯ ಕ್ರಮ ಹೀಗಿತ್ತು. ಎರಡು ಕಬ್ಬಿಣದ ತುಂಡುಗಳನ್ನು ಒಂದೇ ಪ್ಲೇಟಾಗುವಂತೆ ಜೋಡಿಸಿ ಬೆಸೆಯಬೇಕು. ತುಂಡಿನ ಎಡಗಡೆ ಮೇಲ್ತುದಿಗೆ ಪರೀಕ್ಷಕರು ಮೊದಲೇ ಒಂದು ನಂಬರು ಗುದ್ದಿ ಕೊಡುತ್ತಿದ್ದರು. ಪ್ಲೇಟಿನ ಮೇಲೆ ಹೆಸರಿಲ್ಲ. ಯಾವ ನಂಬರು ಯಾರದು ಎಂಬ ಯಾದಿ ಬರೆಯುವವನು ದಲ್ಲಾಳಿ, ಯಾಕೆಂದರೆ ಪರೀಕ್ಷಕರಿಗೆ ನಮ್ಮ ಹೆಸರುಗಳು ಬಾಯಿಗೆ ಹತ್ತುತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಎಲ್ಲರ ಮುಖಕ್ಕೂ ಕಪ್ಪು ಗಾಜಿನ ಮರೆ. ಅವರು ನೋಡುತ್ತಿದ್ದದ್ದು ಕೈಯನ್ನು, ನಂಬರನ್ನು. ನನ್ನ ಹಿಂದೆ ಬಹಳ ಹೊತ್ತು ನಿಂತಿದ್ದರು, ಅದು ನನಗೆ ಗೊತ್ತಾಗಿತ್ತು. ನನ್ನ ನಂಬರು ಏಳು. ಹನ್ನೊಂದನೇ ನಂಬರಿನವನು ದಲ್ಲಾಳಿಯ ಹೆಂಡತಿಯ ತಮ್ಮ. ನನ್ನ ವಯಸ್ಸಿನವನೇ, ಒಂದು ಸಾಲನ್ನೂ ನೆಟ್ಟಗೆ ಎಳೆಯಲು ಬರುತ್ತಿರಲಿಲ್ಲ. ಎಲ್ಲರ ಪ್ಲೇಟುಗಳನ್ನೂ ಗೋಣಿಚೀಲಕ್ಕೆ ತುಂಬಿಕೊಂಡು ಪರೀಕ್ಷಕರು ರೈಲು ಹತ್ತಿದರು. ಕೊಯ್ದು, ಬಗ್ಗಿಸಿ, ಒಳಗೆ ಗಾಳಿ ಸೇರಿ ಪೊಳ್ಳಾಗಿದೆಯೋ ನೋಡುವುದೆಲ್ಲ ಬೊಂಬಾಯಿಯಲ್ಲಿ.

ತಿಂಗಳಾದ ಮೇಲೆ ದಲ್ಲಾಳಿ ಅಂಗಡಿಯ ಮುಂದೆ ಬಂದು ನಿಂತ. ಒಳಗೆ ಬರಲಿಲ್ಲ. ರಸ್ತೆಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ.

"ನಿನ್ನ ಪ್ಲೇಟು ಬಗ್ಗಿಸಿದ ಕೂಡ್ಲೆ ಒಡದದಂತಪಾ. ಒಳಗ ಬರೇ ತೂತು."

ಅವನ ಭಾಮೈದ ಪಾಸಾಗಿದ್ದ.

ನಾನು ಅದನ್ನು ನಂಬಿದೆ. ಇಡೀ ಕತೆಯಲ್ಲಿ ನಾನು ನನ್ನನ್ನೇ ಕ್ಷಮಿಸಲಾಗದ ಸಂಗತಿ ಇದೊಂದೇ. ನನ್ನ ಕೈಯ ಕೆಲಸ ನನಗೆ ಗೊತ್ತಿತ್ತು, ಆದರೂ ಬಿಳಿ ಟೋಪಿಯವನ ಮಾತು ನಂಬಿದೆ. ಉಸ್ತಾದರೂ ನಂಬಿದರು. ಅವರು ಬೈಯಲಿಲ್ಲ. ಹೋಲ್ಡರನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದು ವಾರ ಗೇಟುಗಳಿಗೆ ಬಣ್ಣ ಹಚ್ಚು ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಊರು ನನಗೆ ತೂತು ಎಂದು ಹೆಸರಿಟ್ಟಿತು. ಚಹಾದ ಅಂಗಡಿಯಲ್ಲಿ ತೂತು, ಕಬ್ಬಿಣದ ಅಂಗಡಿಯಲ್ಲಿ ತೂತು. ಹಬ್ಬಕ್ಕೆ ದೇವದುರ್ಗಕ್ಕೆ ಹೋದರೆ ಬಸ್ ಸ್ಟ್ಯಾಂಡಿನಲ್ಲೇ ಒಬ್ಬ, ಏನೋ ತೂತು, ಯಾವಾಗ ಬಂದಿ ಎಂದ. ನನಗಿಂತ ಮೊದಲು ನನ್ನ ಹೆಸರು ಬಸ್ಸು ಹತ್ತಿ ಬಂದಿತ್ತು. ಹೆಣ್ಣು ಕೊಡುವ ಮಾತಾಡಿದ್ದ ಒಬ್ಬರು ಸುಮ್ಮನಾದರು. ನಮ್ಮವ್ವ ಆ ಎಡಗೈಯನ್ನೇ ನೋಡುತ್ತ, ಅವತ್ತೇ ಗಟ್ಟಿಯಾಗಿ ಕಟ್ಟಬೇಕಿತ್ತು ಎಂದಳು.

ಎರಡು ವರ್ಷದ ಮೇಲೆ ಮಾನ್ವಿಯಲ್ಲಿ ದಲ್ಲಾಳಿಯ ಮನೆ ಎದ್ದಿತು. ಗೇಟಿನ ಕೆಲಸ ನಮ್ಮ ಅಂಗಡಿಗೆ ಬಂತು, ಉಸ್ತಾದ್ ನನ್ನನ್ನೇ ಕಳಿಸಿದರು. ನಾಲ್ಕು ದಿನ ಅವನ ಅಂಗಳದಲ್ಲಿ ಬಿಸಿಲಿಗೆ ಕೂತು ಗೇಟು ಕೂಡಿಸಿದೆ. ಪಡಸಾಲೆಯ ಗೋಡೆಯ ಮೇಲೆ ಭಾಮೈದನ ಫೋಟೋ ಇತ್ತು. ಕಪ್ಪು ಕನ್ನಡಕ, ಹಿಂದೆ ಸಮುದ್ರ. ದಲ್ಲಾಳಿ ಆರಾಮ ಕುರ್ಚಿಯಲ್ಲಿ ಕೂತು ಅಕ್ಕಪಕ್ಕದವರನ್ನು ಕರೆದು ನನ್ನನ್ನು ತೋರಿಸುತ್ತಿದ್ದ.

"ಗೇಟಿನ್ಯಾಗರ ತೂತು ಬಿಡಬ್ಯಾಡಪಾ," ಎಂದ. "ನಾಯಿ ಹೊಕ್ಕಾವು."

ಅವರೆಲ್ಲ ನಕ್ಕರು. ನಾನೂ ಹಲ್ಲು ಬಿಟ್ಟೆ. ಆ ಹಲ್ಲು ಬಿಟ್ಟದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮಾನ್ವಿಯಿಂದ ರಾಯಚೂರಿನ ಬಸ್ಸಿನಲ್ಲಿ ಕೂತು, ಇವನನ್ನು ಒಂದು ದಿನ ಬಗ್ಗಿಸುತ್ತೇನೆ ಎಂದುಕೊಂಡೆ. ಹೇಗೆ ಎಂದು ಗೊತ್ತಿರಲಿಲ್ಲ. ಅವನು ಮಾಡಿದ ಮೋಸ ಏನೆಂಬುದೂ ಆಗ ಗೊತ್ತಿರಲಿಲ್ಲ. ಬರೀ ಆ ನಗುವಿಗಾಗಿ ಆಣೆ ಮಾಡಿದ್ದೆ.

ಅಷ್ಟರಲ್ಲಿ ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರದ ಕೆಲಸ ಶುರುವಾಯಿತು. ವೆಲ್ಡರುಗಳಿಗೆ ಬೇಡಿಕೆಯೋ ಬೇಡಿಕೆ. ಒಬ್ಬ ಗುತ್ತಿಗೆದಾರರ ಕೈಕೆಳಗೆ ನಾನೂ ಸೇರಿದೆ. ಅಲ್ಲಿ ಪೈಪಿನ ಬೆಸುಗೆಯನ್ನು ಎಕ್ಸ್‌ರೇ ತೆಗೆದು ನೋಡುತ್ತಿದ್ದರು, ಆಸ್ಪತ್ರೆಯಲ್ಲಿ ಎಲುಬು ನೋಡಿದ ಹಾಗೆ. ನನ್ನ ಮೊದಲ ಪೈಪಿನ ಚಿತ್ರ ಬರುವವರೆಗೆ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಬಂತು. ಒಂದು ಚುಕ್ಕೆಯೂ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ, ಹತ್ತನೆಯದರಲ್ಲೂ ಇರಲಿಲ್ಲ. ಆಗ ಮೊದಲ ಸಲ ಅನುಮಾನ ಬಂತು. ಈ ಕೈ ಅವತ್ತು ಹೇಗೆ ತೂತು ಬಿಟ್ಟೀತು?

ಉತ್ತರ ತಾನಾಗಿ ನಡೆದು ಬಂತು. ಶಕ್ತಿನಗರದಲ್ಲಿ ಪಳಗಿದವರು ಸಿಗುತ್ತಾರೆಂದು ಬೊಂಬಾಯಿಯ ಅದೇ ಪರೀಕ್ಷಕರು ಮತ್ತೆ ರಾಯಚೂರಿಗೆ ಬಂದರು. ಎರಡು ದಿನದ ಪರೀಕ್ಷೆ, ಮತ್ತೆ ನಮ್ಮ ಹಳೆಯ ಅಂಗಡಿಯಲ್ಲೇ. ಪ್ಲೇಟು ಕೊಯ್ಯುವುದಕ್ಕೆ, ರಾಡು ಹಂಚುವುದಕ್ಕೆ, ಭಾಷೆಗೆ ಒಬ್ಬ ಸ್ಥಳೀಯ ಬೇಕಿತ್ತು. ಗುತ್ತಿಗೆದಾರರು ನನ್ನ ಹೆಸರು ಹೇಳಿದರು. ಪರೀಕ್ಷಕರಿಗೆ ನನ್ನ ಗುರುತು ಇರಲಿಲ್ಲ. ಅವರು ಅವತ್ತು ನನ್ನ ಮುಖ ಎಲ್ಲಿ ನೋಡಿದ್ದರು?

ಬರುವ ಹುಡುಗರಿಗೆ ಇದನ್ನು ತೋರಿಸು, ಬೆಸುಗೆ ಎಂದರೆ ಹೀಗಿರಬೇಕು ಎನ್ನುತ್ತ ಅವರು ಚೀಲದಿಂದ ಒಂದು ಹಳೆಯ ಪ್ಲೇಟು ತೆಗೆದು ನನ್ನ ಕೈಗಿಟ್ಟರು. ನಡುವಿನಿಂದ ಒಂದು ಪಟ್ಟಿ ಕೊಯ್ದು ಬಗ್ಗಿಸಿ, ಅದನ್ನು ತಂತಿಯಿಂದ ಪ್ಲೇಟಿಗೇ ಕಟ್ಟಿದ್ದರು. ಪಟ್ಟಿ ಬಳೆಯಂತೆ ಬಗ್ಗಿದ್ದರೂ ಕೂದಲೆಳೆಯಷ್ಟು ಬಿರುಕಿಲ್ಲ. ಎಡತುದಿಗೆ ಏಳು ಎಂಬ ನಂಬರು. ಬಲಗೈಯವರು ಎಡದಿಂದ ಶುರುಮಾಡಿ ಬಲಕ್ಕೆ ಮುಗಿಸುತ್ತಾರೆ, ಅವರ ಕೊನೆಯ ಗುಳಿ ನಂಬರಿನಿಂದ ದೂರ ಬೀಳುತ್ತದೆ. ಇದರಲ್ಲಿ ಸಾಲು ಬಲದಿಂದ ಎಡಕ್ಕೆ ಬಂದು ಆ ಏಳರ ಕೆಳಗೇ ಮುಗಿದಿತ್ತು. ಅಲ್ಲಿ ಒಂದು ಸುತ್ತು ಹಿಂದಕ್ಕೆ ತಿರುಗಿ ಗುಳಿ ತುಂಬಿತ್ತು.

ಇದು ಯಾರದೆಂದು ಕೇಳಿದೆ. ಮಾನ್ವಿಯ ಒಬ್ಬನದು, ಹೊರಗೆ ಹೋದ, ದಲ್ಲಾಳಿಯ ನೆಂಟನಂತೆ ಎಂದರು. ಅವನು ಎಡಚ, ಮೇಜು ಆ ಪ್ರಕಾರ ಹಾಕಿಕೊಡಿ ಎಂದು ತಾವೇ ಅಲ್ಲಿಯ ಮಾಲೀಕನಿಗೆ ಬರೆದಿದ್ದಾಗಿಯೂ ಹೇಳಿದರು.

ಯಾದಿಯಲ್ಲಿ ಏಳರ ಮುಂದಿನ ಹೆಸರನ್ನೂ ಹನ್ನೊಂದರ ಮುಂದಿನ ಹೆಸರನ್ನೂ ದಲ್ಲಾಳಿ ಅದಲು ಬದಲು ಮಾಡಿದ್ದ, ಅಷ್ಟೇ. ಅಷ್ಟಕ್ಕೆ ನನ್ನ ಪ್ಲೇಟು ಊರೂರು ತಿರುಗಿ ಹುಡುಗರಿಗೆ ಪಾಠ ಹೇಳುತ್ತಿತ್ತು, ನಾನು ಇಲ್ಲಿ ತೂತು ಎನಿಸಿಕೊಂಡು ಓಡಾಡುತ್ತಿದ್ದೆ.

ಆಗಲೇ ಹೇಳಬಹುದಿತ್ತು. ಒಂದು ರಾಡು ಹಚ್ಚಿ ತೋರಿಸಿದ್ದರೆ ಅವರು ನಂಬುತ್ತಿದ್ದರು. ನಾನು ಹೇಳಲಿಲ್ಲ. ನನಗೆ ನ್ಯಾಯ ಬೇಕಿರಲಿಲ್ಲ. ದಲ್ಲಾಳಿ ಅವತ್ತು ನಿಂತು ಕೂಗಿದ ಜಾಗದಲ್ಲಿ, ಅಷ್ಟೇ ಜನರ ನಡುವೆ, ಅವನ ಟೋಪಿ ಕೆಳಗೆ ಬೀಳಬೇಕಿತ್ತು. ದಲ್ಲಾಳಿ ಕೊಟ್ಟ ಮರುದಿನದ ಯಾದಿಯಲ್ಲಿ ಭಾಮೈದನ ಹೆಸರಿತ್ತು. ಅವನ ಕರಾರು ಮುಗಿದು ಮಾನ್ವಿಗೆ ಮರಳಿದ್ದ, ಈಗ ಬೇರೊಂದು ಕಾರ್ಖಾನೆಗೆ ಹೋಗಬೇಕಿತ್ತು. ಅವನ ಹೊಸ ಪ್ಲೇಟು ಒಡೆದರೆ, ಅದರ ಪಕ್ಕದಲ್ಲಿ ಏಳನೆಯದನ್ನು ಇಡುತ್ತೇನೆ. ಇವೆರಡೂ ಒಬ್ಬನವೇ ಆಗುವುದು ಹೇಗೆ ಎಂದು ಪರೀಕ್ಷಕರೇ ದಲ್ಲಾಳಿಯನ್ನು ಕೇಳಲಿ.

ಆದರೆ ನಾಲ್ಕು ವರ್ಷದಲ್ಲಿ ಭಾಮೈದ ಕೆಲಸ ಕಲಿತಿದ್ದರೆ? ಅದಕ್ಕೂ ನಾನು ದಾರಿ ಮಾಡಿದೆ. ರಾಡಿನ ಮೇಲಿನ ಲೇಪಕ್ಕೆ ತೇವ ಹಿಡಿದರೆ ಎಂಥ ಕೈಯಾದರೂ ಬೆಸುಗೆಯೊಳಗೆ ಗಾಳಿಗುಳ್ಳೆ ಬಿಡುತ್ತದೆ. ರಾಯಚೂರಿನ ಬಿಸಿಲಲ್ಲಿ ರಾಡಿಗೆ ತೇವ ಹಿಡಿಸುವುದು ಸಣ್ಣ ಕೆಲಸವಲ್ಲ. ಒಂದು ಹಿಡಿ ರಾಡುಗಳನ್ನು ಕಾಗದದಲ್ಲಿ ಸುತ್ತಿ ಅಂಗಡಿಯ ನೀರಿನ ಮಡಕೆಯ ಕೆಳಗಿನ ತಂಪು ಮರಳಿನಲ್ಲಿ ಹೂತಿಟ್ಟೆ. ಪರೀಕ್ಷೆ ಮಾಡುವವನು ಮಾಡಬಾರದ ಕೆಲಸ ಅದು. ಗೊತ್ತಿದ್ದೇ ಮಾಡಿದೆ, ಖುಷಿಯಿಂದ ಮಾಡಿದೆ. ಪ್ಲೇಟುಗಳನ್ನು ಚೀಲಕ್ಕೆ ತುಂಬುವುದು ಬೇಡ, ಇಲ್ಲೇ ಎಲ್ಲರ ಮುಂದೆ ಬಗ್ಗಿಸೋಣ ಎಂದೂ ಪರೀಕ್ಷಕರನ್ನು ಒಪ್ಪಿಸಿದೆ.

ಮರುದಿನ ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ದಲ್ಲಾಳಿ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತ ಕೂತಿದ್ದ. ನನ್ನನ್ನು ನೋಡಿ, ಏನಪಾ ತೂತು, ಈಗ ನೀನೇ ದೊಡ್ಡ ಸಾಹೇಬ ಆದೀ ಎಂದ. ಹೌದ್ರೀ ಎಂದೆ.

ಭಾಮೈದ ಬಂದ. ಫೋಟೋದಲ್ಲಿದ್ದವನಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು, ಮೊಣಕೈವರೆಗೂ ಸುಟ್ಟ ಕಲೆ. ಬಲಗೈಯಲ್ಲಿ ಪೆನ್ನು ಹಿಡಿದು ಅರ್ಜಿಗೆ ಸಹಿ ಮಾಡಿದ. ನಾನು ಕಾಗದದ ಸುತ್ತಿನಿಂದ ರಾಡು ತೆಗೆದು ಕೊಟ್ಟೆ. ಮುಖಕ್ಕೆ ಮರೆ ಹಿಡಿದು ಅವನು ಹೋಲ್ಡರ್ ಎತ್ತಿಕೊಂಡ. ಎಡಗೈಯಲ್ಲಿ.

ಅವನು ಎಡಚನಲ್ಲ. ನನ್ನ ಪ್ಲೇಟನ್ನು ತನ್ನದೆಂದು ತೋರಿಸಿ ಹೋದವನು, ನನ್ನ ಕೈಯನ್ನೂ ಕಲಿತುಕೊಂಡು ಬಂದಿದ್ದ. ಮಾಲೀಕ ಎಡಚನಿಗಾಗಿ ಮೇಜು ಹಾಕಿಸಿ ಕಾದಿದ್ದಾಗ ಇನ್ನೇನು ಮಾಡಿಯಾನು? ಬಲದಿಂದ ಎಡಕ್ಕೆ ಮೆಲ್ಲಗೆ, ಗಟ್ಟಿಯಾಗಿ ಸಾಲು ಎಳೆದ. ತೇವದ ರಾಡು ಚಿಟಪಟ ಸಿಡಿಯುತ್ತಿತ್ತು. ಕೆಲಸ ಬಲ್ಲವನ ಕಿವಿಗೆ ಆ ಸದ್ದು ಗೊತ್ತಾಗದೆ ಇರುವುದಿಲ್ಲ. ಅವನು ಒಂದು ಕ್ಷಣ ನಿಲ್ಲಿಸಿ ನನ್ನ ಕಡೆ ತಿರುಗಿದ. ಗಾಜಿನ ಹಿಂದೆ ಕಣ್ಣು ಕಾಣಲಿಲ್ಲ. ಬೇರೆ ರಾಡು ಕೊಡು ಎಂದು ಅವನು ಕೇಳಲಿಲ್ಲ, ಕೊಡುತ್ತೇನೆ ಎಂದು ನಾನು ಹೇಳಲಿಲ್ಲ. ಮತ್ತೆ ಬಗ್ಗಿ ಕೆಲಸ ಮುಗಿಸಿದ.

ಪಟ್ಟಿ ಕೊಯ್ದು ವೈಸಿನ ಕಬ್ಬಿಣದ ಬಾಯಲ್ಲಿ ಕಚ್ಚಿಸಿ ನಾನೇ ಬಗ್ಗಿಸಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಬಾಯಿ ಬಿಟ್ಟಿತು. ಒಳಗೆ ಸಾಲಾಗಿ ಗುಳ್ಳೆ. ನಾನು ಏಳನೇ ನಂಬರಿನ ಪ್ಲೇಟನ್ನು ತಂದು ಅದರ ಪಕ್ಕಕ್ಕಿಟ್ಟೆ. ಪರೀಕ್ಷಕರು ಅದನ್ನೊಮ್ಮೆ ಇದನ್ನೊಮ್ಮೆ ನೋಡಿ, ಇದೇನಿದು ಎಂದು ದಲ್ಲಾಳಿಯನ್ನು ಕೇಳಿದರು.

ಅವನು ಚಹಾ ಕೆಳಗಿಟ್ಟು ಎದ್ದ. ಆ ಗಳಿಗೆಯಲ್ಲೂ ಅವನಿಗೆ ದಾರಿ ಹೊಳೆದಿತ್ತು. ಭಾಮೈದನ ಮೇಲೆಯೇ ತಿರುಗಿಬಿದ್ದ.

"ನಾಕು ವರ್ಷ ಹೊರಗಿದ್ದು ಇದ್ದದ್ದೂ ಮರತು ಬಂದ್ಯಾ? ನನ್ನ ಮರ್ಯಾದಿ ಕಳದೆಲ್ಲೋ ತೂತು ನನ್ಮಗನ."

ಜನ ನಕ್ಕರು. ಮಾನ್ವಿಯ ಅಂಗಳದ ಅದೇ ನಗು. ಭಾಮೈದ ಮರೆಯನ್ನು ಮೇಜಿನ ಮೇಲಿಟ್ಟು, ದನಿ ಏರಿಸದೆ ಪರೀಕ್ಷಕರಿಗೆ ಹೇಳಿದ.

"ಏಳನೇ ನಂಬರು ನಂದಲ್ಲರೀ. ಅದು ಇವರದು. ಯಾದಿ ತಿದ್ದಿದಾಂವ ನಮ್ಮಕ್ಕನ ಗಂಡ. ಹೋದ ಮೊದಲನೇ ದಿನಾನ ನಾ ಒಂದು ಟ್ಯಾಂಕು ಸುಟ್ಟೆ. ಎಡಗೈಲೆ ಕಲೀಲಿಕ್ಕೆ ಎರಡು ವರ್ಷ ಹಿಡೀತು."

ಅವನ ಬೆರಳು ನನ್ನ ಕಡೆಗಿತ್ತು. ನಾನು ಅದನ್ನು ಹಿಂದಿಯಲ್ಲಿ ಪರೀಕ್ಷಕರಿಗೆ ಹೇಳಬೇಕಾಯಿತು. ಒಂದು ಅಕ್ಷರವನ್ನೂ ಬಿಡದೆ ಹೇಳಿದೆ. ಅವರು ನನ್ನ ಮುಂದೆ ಒಂದು ಹೊಸ ಪ್ಲೇಟು ನೂಕಿದರು. ಒಣಗಿದ ರಾಡು ತೆಗೆದುಕೊಂಡು, ಉಸ್ತಾದ್ ನೋಡುತ್ತಿದ್ದ ಹಾಗೆಯೇ ಎಡಗೈಯಲ್ಲಿ ಒಂದು ಸಾಲು ಎಳೆದೆ, ಕೊನೆಗೆ ಒಂದು ಸುತ್ತು ತಿರುಗಿಸಿ ಎತ್ತಿದೆ. ಬಗ್ಗಿಸಿದರು, ಬಿರುಕು ಬಿಡಲಿಲ್ಲ. ದಲ್ಲಾಳಿಯ ಕೈಯಲ್ಲಿದ್ದ ಯಾದಿಯನ್ನು ಪರೀಕ್ಷಕರು ಕಿತ್ತುಕೊಂಡು, ಇನ್ನು ಮುಂದೆ ಈ ಊರಲ್ಲಿ ನಿನ್ನ ಮೂಲಕ ಒಬ್ಬನನ್ನೂ ತೆಗೆದುಕೊಳ್ಳುವುದಿಲ್ಲ ಎಂದರು. ಜನರಲ್ಲಿ ಕೆಲವರು ಅವನ ಹತ್ತಿರವಿದ್ದ ತಮ್ಮ ಪಾಸ್‌ಪೋರ್ಟು ವಾಪಸು ಕೇಳುತ್ತ ಅವನನ್ನು ಸುತ್ತಿಕೊಂಡರು. ಆ ನೂಕಾಟದಲ್ಲಿ ಟೋಪಿ ಬಿತ್ತು. ನಾನು ಬೇಡಿಕೊಂಡದ್ದಕ್ಕಿಂತ ಚೆನ್ನಾಗಿ ಬಿತ್ತು. ಅವನು ಅದನ್ನು ಹೆಕ್ಕಿಕೊಳ್ಳಲು ನನ್ನ ಕಾಲ ಬಳಿಯೇ ಬಗ್ಗಿದ. ನಾನು ಕಾಲು ಸರಿಸಲಿಲ್ಲ.

ಉಸ್ತಾದ್ ಚಹಾ ತರಿಸಿ ಮೊದಲ ಕಪ್ಪನ್ನು ನನಗೆ ಕೊಟ್ಟರು. ಅವತ್ತಿನಿಂದ ಯಾರೂ ನನ್ನನ್ನು ತೂತು ಎನ್ನಲಿಲ್ಲ.

ಜನ ಕರಗಿದ ಮೇಲೆ ಭಾಮೈದ ನನ್ನ ಮೇಜಿನ ಬಳಿ ಬಂದ. ಕಾಗದದ ಸುತ್ತಿನಲ್ಲಿ ಉಳಿದಿದ್ದ ರಾಡುಗಳನ್ನು ತೆಗೆದು, ಒಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಪರೀಕ್ಷಕರು ಎರಡು ಮಾರು ದೂರದಲ್ಲಿ ಕೂತಿದ್ದರು. ಅವನು ಒಂದು ಮಾತು ಆಡಿದ್ದರೆ ನನ್ನ ಕತೆಯೂ ಅಲ್ಲಿಗೆ ಮುಗಿಯುತ್ತಿತ್ತು. ಅವನು ಆ ರಾಡುಗಳನ್ನು ನನ್ನ ಎಡಗೈಗೆ ಕೊಟ್ಟ.

"ಇವನ್ನ ಬಿಸಿಲಿಗಿಡ್ರಿ," ಎಂದ. "ಹಸಿ ಆಗ್ಯಾವ."

ಅಷ್ಟೇ ಹೇಳಿ ಮಾನ್ವಿ ಬಸ್ಸಿಗೆ ಹೋದ. ಅವನಿಗೆ ಇನ್ನೊಂದು ಪ್ಲೇಟು ಕೊಡೋಣ ಎಂದು ನಾನು ಪರೀಕ್ಷಕರಿಗೆ ಹೇಳಬಹುದಿತ್ತು. ಅವರು ಸಂಜೆಯವರೆಗೂ ಇದ್ದರು, ಕೆಲಸ ಉಳಿದದ್ದರಿಂದ ಮರುದಿನವೂ ಇದ್ದರು. ನಾನು ಹೇಳಲಿಲ್ಲ. ಹೇಳಬೇಕಾದರೆ ರಾಡಿನ ಮಾತೂ ಹೇಳಬೇಕಿತ್ತು. ಅವನು ಮತ್ತೆ ಯಾವ ದೇಶಕ್ಕೂ ಹೋಗಲಿಲ್ಲ, ಮಾನ್ವಿಯಲ್ಲಿ ಟ್ರಾಲಿ ರಿಪೇರಿ ಮಾಡಿಕೊಂಡು ಉಳಿದ. ಎಡಗೈಯಲ್ಲೇ ಮಾಡುತ್ತಾನಂತೆ, ಬಲಗೈಗೆ ಆ ಕೆಲಸ ಮರೆತುಹೋಗಿದೆಯಂತೆ. ದಲ್ಲಾಳಿಯ ಮೇಲಿನ ನನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಇವನ ಮೇಲೆ ಇನ್ನೂ ಯಾಕೆ ಇದೆ ಎಂದು ಕೇಳಿದರೆ, ಅವತ್ತು ನನ್ನನ್ನು ಸುಮ್ಮನೆ ಬಿಟ್ಟುಹೋದನಲ್ಲ, ಅದಕ್ಕೆ ಎನ್ನಬೇಕು.

ಆ ರಾಡುಗಳನ್ನು ನಾನು ಅಂಗಡಿಯ ತಗಡಿನ ಮೇಲೆ ಬಿಸಿಲಿಗಿಟ್ಟೆ. ಸಂಜೆಯೊಳಗೆ ಗರಿಗರಿಯಾಗಿ ಒಣಗಿದವು. ಮರುದಿನ ಗುಂಜಹಳ್ಳಿಯಿಂದ ಬಂದಿದ್ದ ಒಬ್ಬ ಅವೇ ರಾಡುಗಳಲ್ಲಿ ಪಾಸಾಗಿ ದುಬೈಗೆ ಹೋದ.